ಬಳಸಿದ ಎಕ್ಸ್‌ಕವೇಟರ್ ಕೊಳ್ಳುವಾಗ ಅವರ್ ಮೀಟರನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಸಣ್ಣ ಗುತ್ತಿಗೆದಾರ. ಪಾಯ, ಚರಂಡಿ, ಪೈಪ್‌ಲೈನ್ ಅಗೆತದ ಕೆಲಸಗಳನ್ನು ಆರು ವರ್ಷಗಳಿಂದ ಬಾಡಿಗೆ ಯಂತ್ರಗಳಿಂದಲೇ ಮಾಡಿಸುತ್ತಿದ್ದೇನೆ. ಈಗ 20 ಟನ್ ವರ್ಗದ ಬಳಸಿದ ಎಕ್ಸ್‌ಕವೇಟರ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಒಂದೇ ಮಾದರಿಯ ಎರಡು ಯಂತ್ರಗಳನ್ನು ನೋಡಿಬಂದೆ. ಮೊದಲನೆಯದಕ್ಕೆ 9 ವರ್ಷ. ಮೀಟರ್ 6,200 ಗಂಟೆ ತೋರಿಸುತ್ತದೆ, ಹೊಸದಾಗಿ ಬಣ್ಣ ಹೊಡೆದಿದ್ದಾರೆ, ಹಳೆಯ ದಾಖಲೆ ಯಾವುದೂ ಇಲ್ಲ. ಎರಡನೆಯದಕ್ಕೆ 8 ವರ್ಷ; 10,800 ಗಂಟೆ ಓಡಿದೆ, ಬಣ್ಣ ಮಾಸಿದೆ, ಆದರೆ ಆಯಿಲ್ ಬದಲಾವಣೆಯ ಪುಸ್ತಕ ಮತ್ತು ಒಂದಷ್ಟು ಬಿಲ್ಲುಗಳಿವೆ, ಬೆಲೆಯೂ ಹತ್ತನೇ ಒಂದು ಭಾಗ ಕಡಿಮೆ. ಹತ್ತು ಸಾವಿರ ಗಂಟೆ ದಾಟಿದ ಯಂತ್ರವನ್ನು ಮುಟ್ಟಲೇಬಾರದು ಎನ್ನುತ್ತಾರೆ ನಮ್ಮ ಆಪರೇಟರ್. ಮೀಟರನ್ನು ಹಿಂದಕ್ಕೆ ತಿರುಗಿಸಲು ಸಾಧ್ಯವೇ? ಹೊಸ ಬಣ್ಣವನ್ನು ಅನುಮಾನಿಸಬೇಕೇ? ಇರುವ ಉಳಿತಾಯದ ಜೊತೆಗೆ ಸಾಲವನ್ನೂ ಮಾಡಬೇಕಾಗಿರುವುದರಿಂದ ತಪ್ಪು ಹೆಜ್ಜೆ ಇಡಲು ಭಯವಾಗುತ್ತಿದೆ.

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆಗಳಾದರೂ ಅವುಗಳ ಹಿಂದಿನ ಆತಂಕ ಒಂದೇ. ಕೊಂಡ ಮೂರನೇ ತಿಂಗಳಿಗೆ ಹೈಡ್ರಾಲಿಕ್ ಪಂಪ್ ಕೈಕೊಟ್ಟು ಯಂತ್ರ ನಿಂತುಬಿಟ್ಟರೆ, ಕೆಲಸ ನಿಂತರೂ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಬಳಸಿದ ಯಂತ್ರಗಳನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಿ ವರದಿ ಕೊಡುವುದು ನನ್ನ ವೃತ್ತಿ. ನೀವು ಬರೆದ ವಿವರಗಳಷ್ಟನ್ನೇ ಮುಂದಿಟ್ಟುಕೊಂಡು ಹೇಳುವುದಾದರೆ, ನಾನು ಮೊದಲು ನೋಡಲು ಹೋಗುವುದು 10,800 ಗಂಟೆಯ ಯಂತ್ರವನ್ನೇ. ಅದು ಒಳ್ಳೆಯ ಯಂತ್ರವೆಂದು ಇಲ್ಲಿ ಕುಳಿತು ಹೇಳಲಾರೆ; ಅದರ ವಿಷಯದಲ್ಲಿ ಪರೀಕ್ಷಿಸಿ ತಿಳಿಯುವುದಕ್ಕೆ ಆಧಾರಗಳಿವೆ, ಮೊದಲನೆಯದರಲ್ಲಿ ಸದ್ಯಕ್ಕೆ ಮಾರುವವರ ಮಾತೊಂದೇ ಇದೆ.

ಮೀಟರಿನಿಂದಲೇ ಆರಂಭಿಸೋಣ. ಎಂಜಿನ್ ಎಷ್ಟು ಗಂಟೆ ಚಾಲೂ ಇತ್ತು ಎಂಬುದನ್ನು ಮಾತ್ರ ಅದು ಎಣಿಸುತ್ತದೆ. ಲಾರಿ ಬರುವುದನ್ನು ಕಾಯುತ್ತ ಸುಮ್ಮನೆ ಗುರುಗುಟ್ಟಿದ ಒಂದು ಗಂಟೆಯೂ, ಬಂಡೆಯ ಮೇಲೆ ಬ್ರೇಕರ್ ಇಟ್ಟು ಕುಟ್ಟಿದ ಒಂದು ಗಂಟೆಯೂ ಅದರ ಲೆಕ್ಕದಲ್ಲಿ ಒಂದೇ. ಮೀಟರನ್ನು ತಿದ್ದಲು ಸಾಧ್ಯವೇ ಎಂದರೆ, ಸಾಧ್ಯ. ಹಳೆಯ ಯಂತ್ರಗಳಲ್ಲಿ ತಂತಿ ಕಳಚಿದರೆ ಎಣಿಕೆ ನಿಲ್ಲುತ್ತಿತ್ತು, ಡ್ಯಾಶ್‌ಬೋರ್ಡಿನ ಮೀಟರನ್ನೇ ಬದಲಿಸಿದರೆ ಹೊಸ ಲೆಕ್ಕ ಶುರುವಾಗುತ್ತಿತ್ತು. ನೀವು ನೋಡಿರುವ ವಯಸ್ಸಿನ ಯಂತ್ರಗಳಲ್ಲಿ ಎಂಜಿನ್ನಿನ ನಿಯಂತ್ರಣ ಕಂಪ್ಯೂಟರಿನೊಳಗೂ ಒಂದು ಲೆಕ್ಕ ಇರುತ್ತದೆ. ಕೊಮಾಟ್ಸುವಿನ ಕೊಮ್‌ಟ್ರಾಕ್ಸ್, ಕ್ಯಾಟರ್‌ಪಿಲ್ಲರ್‌ನ ಪ್ರಾಡಕ್ಟ್ ಲಿಂಕ್ ಮುಂತಾದ ದೂರಸಂಪರ್ಕ ವ್ಯವಸ್ಥೆ ಅಳವಡಿಸಿದ ಯಂತ್ರವಾಗಿದ್ದರೆ ಮೂರನೆಯ ಲೆಕ್ಕವೂ ಕಂಪನಿಯ ಬಳಿ ಉಳಿದಿರಬಹುದು. ಪಳಗಿದ ಕೈಗಳು ಕಂಪ್ಯೂಟರಿನ ಅಂಕಿಯನ್ನೂ ಬದಲಿಸಬಲ್ಲವು, ಆದರೆ ಎಲ್ಲ ಕಡೆಯೂ ಒಂದೇ ಸುಳ್ಳನ್ನು ಬರೆಯುವುದು ಕಷ್ಟ. ಆದ್ದರಿಂದ ಆ ಕಂಪನಿಯ ಅಧಿಕೃತ ಸರ್ವೀಸ್‌ನವರನ್ನು ಕರೆಸಿ, ಲ್ಯಾಪ್‌ಟಾಪ್ ಜೋಡಿಸಿ, ಎಂಜಿನ್ ಕಂಪ್ಯೂಟರಿನ ದಾಖಲೆಯನ್ನು ಓದಿಸಿ. ಆ ಖರ್ಚು ಯಂತ್ರದ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಓದಿಸುವಾಗ ಒಟ್ಟು ಗಂಟೆಯ ಜೊತೆಗೆ ಒಟ್ಟು ಇಂಧನದ ಅಂಕಿಯನ್ನೂ ಬರೆದುಕೊಳ್ಳಿ. ಇಂಧನವನ್ನು ಗಂಟೆಯಿಂದ ಭಾಗಿಸಿದರೆ ಯಂತ್ರದ ಬದುಕು ಹೇಗಿತ್ತೆಂಬುದು ಬಹುಮಟ್ಟಿಗೆ ಹೊರಬೀಳುತ್ತದೆ. ಈ ವರ್ಗದಲ್ಲಿ ಗಂಟೆಗೆ ಸರಾಸರಿ ಎಂಟೊಂಬತ್ತು ಲೀಟರ್ ಕುಡಿದ ಯಂತ್ರ ಹಗುರವಾದ ಕೆಲಸ ಮಾಡಿದೆ ಅಥವಾ ಹೆಚ್ಚು ಹೊತ್ತು ಸುಮ್ಮನೆ ನಿಂತಿದೆ. ಹದಿನೈದರ ಮೇಲೆ ಕುಡಿದದ್ದು ಬೆವರು ಸುರಿಸಿ ದುಡಿದಿದೆ. ದಾಖಲಾಗಿರುವ ದೋಷ ಸಂಕೇತಗಳೂ ಅಲ್ಲೇ ಸಿಗುತ್ತವೆ. ಎಂಜಿನ್ ಎಷ್ಟು ಸಲ ಮಿತಿಮೀರಿ ಕಾಯ್ದಿತ್ತು, ಆಯಿಲ್ ಒತ್ತಡ ಯಾವಾಗ ಕುಸಿದಿತ್ತು ಎಂಬುದನ್ನು ಮಾರುವವರು ಮರೆತಿರಬಹುದು, ಕಂಪ್ಯೂಟರ್ ಸಾಮಾನ್ಯವಾಗಿ ಮರೆತಿರುವುದಿಲ್ಲ.

6,200 ಗಂಟೆಯನ್ನು 9 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 690 ಗಂಟೆ, ಅಂದರೆ ವರ್ಷಕ್ಕೆ 300 ದಿನ ಕೆಲಸವೆಂದರೂ ದಿನಕ್ಕೆ ಎರಡು ಗಂಟೆ ಚಿಲ್ಲರೆ. ಇದು ಅಸಾಧ್ಯವಲ್ಲ, ತುರ್ತಿಗೆಂದು ಮೀಸಲಿಟ್ಟ ಯಂತ್ರಗಳು ಹೀಗೆ ಕಡಿಮೆ ಓಡುವುದುಂಟು. ಆದರೆ ಆಗ ಯಂತ್ರದ ಉಳಿದ ಭಾಗಗಳೂ ಅದೇ ಕಥೆಯನ್ನು ಹೇಳಬೇಕು. ಕ್ಯಾಬಿನ್ ಹತ್ತಿ, ಯಂತ್ರವನ್ನು ಮುಂದಕ್ಕೂ ಹಿಂದಕ್ಕೂ ಓಡಿಸುವ ಟ್ರಾವೆಲ್ ಪೆಡಲ್‌ಗಳ ರಬ್ಬರ್ ನೋಡಿ: ಗೆರೆಗಳು ಪೂರ್ತಿ ಸವೆದು ಲೋಹ ಇಣುಕುತ್ತಿದ್ದರೆ ಅದು ದಿನಕ್ಕೆ ಎರಡು ಗಂಟೆ ಓಡಿದ ಯಂತ್ರದ ಲಕ್ಷಣವಲ್ಲ. ಜಾಯ್‌ಸ್ಟಿಕ್ಕಿನ ಹಿಡಿಯೂ ಸೀಟೂ ಮಾತ್ರ ಹೊಸದಾಗಿದ್ದರೆ ಏಕೆ ಬದಲಿಸಿದಿರಿ ಎಂದು ಕೇಳಿ. ಸೀಟ್ ಬೆಲ್ಟಿನ ಪಟ್ಟಿಯ ಮೇಲೆ ತಯಾರಾದ ದಿನಾಂಕವಿರುತ್ತದೆ. ಹೈಡ್ರಾಲಿಕ್ ಹೋಸ್‌ಗಳ ಮೈಮೇಲೂ ಯಾವ ವರ್ಷದ ಯಾವ ತ್ರೈಮಾಸಿಕದಲ್ಲಿ ತಯಾರಾದದ್ದೆಂದು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ಒಂದು ಬಟ್ಟೆಯಿಂದ ಗ್ರೀಸ್ ಒರೆಸಿದರೆ ಅದು ಕಾಣುತ್ತದೆ. ಕಡಿಮೆ ಓಡಿದ್ದೆನ್ನುವ ಯಂತ್ರದಲ್ಲಿ ಬೂಮಿನ, ಅಂದರೆ ದೇಹಕ್ಕೆ ಸೇರಿದ ದೊಡ್ಡ ತೋಳಿನ, ಹೋಸ್‌ಗಳು ಎರಡೆರಡು ಸಲ ಬದಲಾಗಿದ್ದರೆ ಬಿಲ್ ಕೇಳುವ ಹಕ್ಕು ನಿಮಗಿದೆ. ಹಾಗೆಯೇ ಬೂಮಿನ ಉದ್ದಕ್ಕೂ ಕಣ್ಣಾಡಿಸಿ. ಬ್ರೇಕರಿಗಾಗಿ ಎಳೆದ ಹೆಚ್ಚುವರಿ ಪೈಪುಗಳು ಇವೆಯೇ, ಅಥವಾ ಅವನ್ನು ಕಿತ್ತು, ಕ್ಲಾಂಪಿನ ಗುರುತಿನ ಮೇಲೆ ಬಣ್ಣ ಹೊಡೆದಿದ್ದಾರೆಯೇ? ಬ್ರೇಕರ್ ಕೆಲಸದ ಏಟು ಬೂಮ್, ಬಕೆಟ್ ಹಿಡಿದ ಮುಂದಿನ ತೋಳಾದ ಆರ್ಮ್, ಅವನ್ನು ಜೋಡಿಸುವ ಪಿನ್ನುಗಳ ಮೇಲೆ ಬೀಳುವುದಲ್ಲದೆ ಹೈಡ್ರಾಲಿಕ್ ಆಯಿಲನ್ನೂ ಬೇಗ ಕೆಡಿಸುತ್ತದೆ.

ಎರಡನೆಯ ಯಂತ್ರದ ಲೆಕ್ಕ ವರ್ಷಕ್ಕೆ 1,350 ಗಂಟೆ. ಗುತ್ತಿಗೆ ಕೆಲಸದ ಯಂತ್ರಕ್ಕೆ ಇದು ಸಹಜವಾದ ಓಟ. ಅದರ ಪುಸ್ತಕವನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಂಜಿನ್ ಆಯಿಲನ್ನು 500 ಗಂಟೆಗೊಮ್ಮೆ ಬದಲಿಸಿದ್ದರೆ ಇಷ್ಟು ಹೊತ್ತಿಗೆ ಇಪ್ಪತ್ತೊಂದು ನಮೂದುಗಳಿರಬೇಕು. ಎಂಟು ವರ್ಷದ ನಮೂದುಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಗ್ರೀಸಿನ ಒಂದು ಬೆರಳಚ್ಚೂ ಇಲ್ಲದೆ ಇದ್ದರೆ ಅದು ಒಂದು ಸಂಜೆ ಕುಳಿತು ಬರೆದ ಪುಸ್ತಕ. ಫಿಲ್ಟರ್ ಕೊಂಡ ಬಿಲ್ಲುಗಳ ದಿನಾಂಕಕ್ಕೂ ಪುಸ್ತಕದ ದಿನಾಂಕಕ್ಕೂ ತಾಳೆಯಾಗುತ್ತಿದೆಯೇ ನೋಡಿ.

ನಿಮ್ಮ ಆಪರೇಟರ್ ಹೇಳುವ ಹತ್ತು ಸಾವಿರ ಗಂಟೆಯ ಗಡಿಯಲ್ಲಿ ಅರ್ಧ ಸತ್ಯವಿದೆ. ಈ ವರ್ಗದ ಯಂತ್ರಗಳಲ್ಲಿ ಹತ್ತು, ಹನ್ನೆರಡು ಸಾವಿರ ಗಂಟೆಯ ಆಸುಪಾಸಿನಲ್ಲಿ ಪಂಪ್, ಇಂಜೆಕ್ಟರ್, ಟರ್ಬೊ, ಯಂತ್ರದ ಮೇಲ್ಭಾಗವನ್ನು ಸುತ್ತ ತಿರುಗಿಸುವ ಸ್ವಿಂಗ್ ಮೋಟಾರ್ ಎಂದು ದೊಡ್ಡ ದುರಸ್ತಿಗಳು ಸಾಲುಗಟ್ಟಿ ಬರುವುದು ಸಾಮಾನ್ಯ. ಹಾಗಿರುವಾಗ ಕೇಳಬೇಕಾದದ್ದು ಆ ದುರಸ್ತಿಗಳ ಖರ್ಚು ಯಾರ ಜೇಬಿನಿಂದ ಹೋಯಿತು, ಅಥವಾ ಹೋಗಲಿದೆ ಎಂಬುದನ್ನು. ಏನನ್ನೂ ಮುಟ್ಟದೆ 9,500 ಗಂಟೆ ಓಡಿಸಿ ಮಾರುತ್ತಿರುವ ಯಂತ್ರಕ್ಕಿಂತ, ಪಂಪನ್ನು ಬಿಚ್ಚಿ ಸರಿಪಡಿಸಿದ ಬಿಲ್ ಇರುವ 10,800 ಗಂಟೆಯ ಯಂತ್ರ ನಿಮಗೆ ಅಗ್ಗವಾಗಿ ಬೀಳಬಹುದು.

ಹೊಸ ಬಣ್ಣ ತನ್ನಷ್ಟಕ್ಕೆ ಅಪರಾಧವಲ್ಲ. ಮಾರುವ ಮುನ್ನ ಬಹುತೇಕ ಎಲ್ಲರೂ ಬಣ್ಣ ಹೊಡೆಯುತ್ತಾರೆ. ಬಣ್ಣ ಎಲ್ಲೆಲ್ಲಿ ಬಿದ್ದಿದೆ ಎಂಬುದು ಮುಖ್ಯ. ಹೋಸ್, ಗ್ರೀಸ್ ನಿಪ್ಪಲ್, ರಬ್ಬರ್ ಸೀಲ್, ಎಚ್ಚರಿಕೆಯ ಸ್ಟಿಕ್ಕರ್ ಎಲ್ಲದರ ಮೇಲೂ ಒಂದೇ ಸಮ ಹರಿದಿದ್ದರೆ, ಕೆಲಸ ಆತುರದಲ್ಲಿ ಆಗಿದೆ, ಕೆಳಗೇನಿತ್ತೆಂದು ಯಾರೂ ನೋಡಿಲ್ಲ. ಒಮ್ಮೆ ಹೀಗೆ ಕನ್ನಡಿಯಂತೆ ಹೊಳೆಯುತ್ತಿದ್ದ ಯಂತ್ರವೊಂದನ್ನು ನೋಡಲು ಹೋಗಿದ್ದೆ. ಬೂಮಿಗೆ ಸಿಲಿಂಡರ್ ಸೇರುವ ಕಿವಿಯ ಬೆಸುಗೆಯ ಪಕ್ಕದಲ್ಲಿ ಬಣ್ಣದ ಮೇಲೆಯೇ ಕೂದಲೆಳೆಯಷ್ಟು ಸಣ್ಣ ಕಂದು ಗೆರೆಯೊಂದು ಕಂಡಿತು. ಮಳೆಯ ಕಲೆ ಇರಬೇಕೆಂದರು ಮಾರುವವರು. ಅವರ ಅನುಮತಿ ಪಡೆದು ಅಂಗೈಯಗಲ ಬಣ್ಣ ಕೆರೆದು, ಬಿರುಕು ಪತ್ತೆ ಮಾಡುವ ಕೆಂಪು ದ್ರವವನ್ನು ಸಿಂಪಡಿಸಿ ಹತ್ತು ನಿಮಿಷ ಬಿಟ್ಟು, ಮೇಲಿನದನ್ನು ಚೆನ್ನಾಗಿ ಒರೆಸಿ ತೆಗೆದು ಬಿಳಿಯ ಪುಡಿಯ ಸ್ಪ್ರೇ ಹೊಡೆದೆವು. ನಾವು ನೋಡುತ್ತಿದ್ದಂತೆಯೇ ಬಿಳಿಯ ಮೇಲೆ ಬೆರಳುದ್ದದ ಕೆಂಪು ಗೆರೆ ಮೂಡಿತು: ಬಿರುಕಿನೊಳಗೆ ಇಳಿದಿದ್ದ ದ್ರವ ಹೊರಗೆ ಬರುತ್ತಿತ್ತು. ಬೂಮಿನ ಬುಡ, ಆರ್ಮಿನ ಬೆಸುಗೆಗಳು, ಬಕೆಟ್ಟಿನ ಕಿವಿಗಳು, ಟ್ರ್ಯಾಕ್ ಫ್ರೇಮ್ ನಡುದೇಹಕ್ಕೆ ಸೇರುವ ಮೂಲೆಗಳು, ಇವನ್ನು ಟಾರ್ಚ್ ಹಿಡಿದು ನೋಡಬೇಕು. ಬೆಸುಗೆ ಹಾಕಿ ಸರಿಪಡಿಸಿದ ಬಿರುಕೆಂದ ಮಾತ್ರಕ್ಕೆ ಯಂತ್ರವನ್ನು ತಿರಸ್ಕರಿಸಬೇಕಿಲ್ಲ. ಆದರೆ ಬೆಸುಗೆಯ ಮೇಲೆ ಮತ್ತೆ ಬೆಸುಗೆ ಹಾಕಿದ ಉಬ್ಬುಗಳಿದ್ದರೆ ಅಲ್ಲಿಂದ ಹೊರಟುಬನ್ನಿ.

ಚೈನು ಮತ್ತು ಅದರ ಸುತ್ತಲಿನ ಭಾಗಗಳ ಬಗ್ಗೆ ನೀವು ಒಂದು ಮಾತನ್ನೂ ಬರೆದಿಲ್ಲ. ಹೊಸದಾಗಿ ಕೊಳ್ಳುವವರೆಲ್ಲ ಎಂಜಿನ್ ಸದ್ದು ಕೇಳುತ್ತ ಮೇಲೆಯೇ ನಿಲ್ಲುತ್ತಾರೆ, ಬಗ್ಗಿ ಕೆಳಗೆ ನೋಡುವವರು ಕಡಿಮೆ. ಚೈನಿನ ಮೇಲೆ ಓಡುವ ಯಂತ್ರದ ಜೀವಮಾನದ ನಿರ್ವಹಣಾ ವೆಚ್ಚದಲ್ಲಿ ಅರ್ಧದವರೆಗೂ ಅಂಡರ್‌ಕ್ಯಾರೇಜ್, ಅಂದರೆ ಈ ಕೆಳಭಾಗ ಒಂದೇ ತಿನ್ನಬಲ್ಲದು. ಆದ್ದರಿಂದ ಮೊದಲು ಕೆಸರು ತೊಳೆಸಿ. ಚೈನನ್ನು ತಿರುಗಿಸುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟಿನ ಹಲ್ಲುಗಳ ತುದಿ ಚೂಪಾಗಿದ್ದರೆ ಚೈನೂ ಅಷ್ಟೇ ಸವೆದಿದೆ. ಈ ವರ್ಗದ ಯಂತ್ರಗಳ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸಾಮಾನ್ಯವಾಗಿ 190 ಮಿಲಿಮೀಟರ್ ಅಂತರ. ಚೈನನ್ನು ಬಿಗಿ ಮಾಡಿಸಿ, ನಾಲ್ಕು ಲಿಂಕುಗಳ ಉದ್ದವನ್ನು ಟೇಪಿನಲ್ಲಿ ಅಳೆಯಿರಿ. ಹೊಸದರಲ್ಲಿ 760 ಇರಬೇಕಾದ್ದು 770 ದಾಟಿದ್ದರೆ ಬದಲಾವಣೆಯ ದಿನ ದೂರವಿಲ್ಲ. ನಿಖರವಾದ ಮಿತಿ ಆ ಮಾದರಿಯ ಕೈಪಿಡಿಯಲ್ಲಿರುತ್ತದೆ. ಎರಡೂ ಬದಿಯನ್ನು ಅಳೆಯಿರಿ, ಏಕೆಂದರೆ ಒಂದೇ ಬದಿಗೆ ತಿರುಗುತ್ತ ದುಡಿದ ಯಂತ್ರದ ಚೈನುಗಳು ಒಂದೇ ಸಮ ಸವೆದಿರುವುದಿಲ್ಲ. ಯಂತ್ರವನ್ನು ಹತ್ತು ನಿಮಿಷ ಮುಂದಕ್ಕೂ ಹಿಂದಕ್ಕೂ ಓಡಿಸಿ, ಎಂಜಿನ್ ನಿಲ್ಲಿಸಿದ ಮೇಲೆ ರೋಲರ್‌ಗಳನ್ನೂ ಚೈನುಗಳಿಗೆ ಬಲ ಕೊಡುವ ಗೇರ್‌ಬಾಕ್ಸ್‌ಗಳಾದ ಎರಡು ಕಡೆಯ ಫೈನಲ್ ಡ್ರೈವ್‌ಗಳನ್ನೂ ಅಂಗೈಯ ಹಿಂಬದಿಯಿಂದ ಎಚ್ಚರಿಕೆಯಿಂದ ಮುಟ್ಟಿ ನೋಡಿ. ಎಲ್ಲವೂ ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಅದರಲ್ಲಿ ಆಯಿಲ್ ಇಲ್ಲ ಅಥವಾ ಬೇರಿಂಗ್ ಹಾಳಾಗಿದೆ.

ಎಂಜಿನ್ ಮತ್ತು ಹೈಡ್ರಾಲಿಕ್ ಪರೀಕ್ಷೆಗೆ ಬೆಳಿಗ್ಗೆಯೇ ಹೋಗಿ, ನೀವು ಬರುವವರೆಗೆ ಚಾಲೂ ಮಾಡಬಾರದೆಂದು ಮೊದಲೇ ಹೇಳಿಡಿ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ತಣ್ಣನೆಯ ಸ್ಟಾರ್ಟ್ ಕಷ್ಟವೆಂಬುದು ಅವರಿಗೆ ಗೊತ್ತಿದೆ ಎಂದೇ ತಿಳಿಯಿರಿ. ಚಾಲೂ ಮಾಡಿದಾಗ ಕ್ಷಣಕಾಲ ಹೊಗೆ ಬರುವುದು ಸಹಜ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ, ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಸೇರುತ್ತಿದೆ ಅಥವಾ ಇಂಧನ ಪೂರ್ತಿ ಉರಿಯುತ್ತಿಲ್ಲ. ಹೈಡ್ರಾಲಿಕ್ ಆಯಿಲ್ ಕೆಲಸದ ಬಿಸಿಗೆ ಬರುವವರೆಗೂ, ಅಂದರೆ ಕನಿಷ್ಠ ಮುಕ್ಕಾಲು ಗಂಟೆ, ಅಗೆಸಿ. ಸವೆದ ಪಂಪ್ ತಣ್ಣಗಿರುವಾಗ ದಪ್ಪ ಆಯಿಲಿನ ನೆರವಿನಿಂದ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆಯಿಲ್ ತೆಳುವಾದ ಮೇಲೆ ಒಳಗೊಳಗೇ ಸೋರಿ ಬಲ ಕಳೆದುಕೊಳ್ಳುತ್ತದೆ. ಹತ್ತು ನಿಮಿಷದ ಪ್ರದರ್ಶನದಲ್ಲಿ ಇದು ಬಯಲಾಗದು. ಬಿಸಿಯಾದ ಮೇಲೆ ಬೂಮ್ ಎತ್ತುತ್ತಲೇ ಸ್ವಿಂಗ್ ಮಾಡಿಸಿ, ಚಲನೆ ತಡವರಿಸುತ್ತದೆಯೇ ನೋಡಿ. ಸಮತಟ್ಟಾದ ನೆಲದಲ್ಲಿ 20 ಮೀಟರ್ ನೇರವಾಗಿ ಓಡಿಸಿ. ಒಂದು ಬದಿಗೆ ಎಳೆಯುತ್ತಿದ್ದರೆ ಎರಡು ಪಂಪುಗಳ ಬಲ ಸಮವಿಲ್ಲ, ಇಲ್ಲವೇ ಆ ಬದಿಯ ಟ್ರಾವೆಲ್ ಮೋಟಾರ್ ಸೋರುತ್ತಿದೆ. ಕೊನೆಗೆ ಬೂಮ್ ಎತ್ತಿ, ಎಂಜಿನ್ ನಿಲ್ಲಿಸಿ, ಸಿಲಿಂಡರಿನ ರಾಡಿನ ಮೇಲೆ ಗುರುತು ಹಾಕಿ ಹತ್ತು ನಿಮಿಷ ಕಾಯಿರಿ, ಆ ಹೊತ್ತಿನಲ್ಲಿ ಬೂಮಿನ ಕೆಳಗೆ ಯಾರೂ ನಿಲ್ಲಬಾರದು. ರಾಡ್ ಎಷ್ಟು ಇಳಿಯಿತೆಂಬುದನ್ನು ಕೈಪಿಡಿಯ ಮಿತಿಯೊಡನೆ ಹೋಲಿಸಬೇಕು. ರಾಡಿನ ಹೊಳಪಿನ ಮೇಲೆ ಉಗುರು ಎಳೆದು ನೋಡಿ. ಉಗುರು ತಡೆಯುವಷ್ಟು ಗೀರಿದ್ದರೆ ಎಷ್ಟು ಸಲ ಸೀಲ್ ಬದಲಿಸಿದರೂ ಅದು ಹರಿದುಹೋಗುತ್ತಲೇ ಇರುತ್ತದೆ.

ಆಯಿಲ್ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದನ್ನು ಅನೇಕರು ಅನಗತ್ಯ ಖರ್ಚೆಂದು ಬಿಡುತ್ತಾರೆ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಸತ್ಯ ಹೇಳುವ ಪರೀಕ್ಷೆ ಬೇರೊಂದಿಲ್ಲ. ಎಂಜಿನ್, ಹೈಡ್ರಾಲಿಕ್ ಟ್ಯಾಂಕ್, ಸ್ವಿಂಗ್ ಗೇರ್‌ಬಾಕ್ಸ್, ಎರಡು ಫೈನಲ್ ಡ್ರೈವ್, ಹೀಗೆ ಐದು ಮಾದರಿಗಳನ್ನು ಬೇರೆಬೇರೆಯಾಗಿ, ಆಯಿಲ್ ಬಿಸಿಯಿರುವಾಗ ತೆಗೆಯಬೇಕು. ಎಂಜಿನ್ ಆಯಿಲಿನಲ್ಲಿ ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಜೊತೆಯಾಗಿ ಏರಿದ್ದರೆ ಏರ್ ಫಿಲ್ಟರಿನ ದಾರಿಯಿಂದ ಧೂಳು ನುಗ್ಗಿದೆ. ಕಬ್ಬಿಣ ಮತ್ತು ಕ್ರೋಮಿಯಂ ಏರಿದ್ದರೆ ಲೈನರ್, ರಿಂಗ್‌ಗಳು ಸವೆಯುತ್ತಿವೆ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲಂಟ್ ಆಯಿಲಿಗೆ ಸೇರುತ್ತಿದೆ. ಒಂದು ತೊಡಕಿದೆ: ನಿನ್ನೆಯಷ್ಟೇ ಬದಲಿಸಿದ ಆಯಿಲ್ ಏನನ್ನೂ ಹೇಳುವುದಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಜೇನಿನ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಸಂತೋಷಪಡುವ ಮೊದಲು ಯಾವಾಗ ಬದಲಿಸಿದಿರಿ ಎಂದು ಕೇಳಿ.

ಕಾಗದಪತ್ರಗಳ ವಿಷಯ ಚಿಕ್ಕದಾದರೂ ತಪ್ಪಿದರೆ ಯಂತ್ರವೇ ಕೈಬಿಟ್ಟುಹೋಗುತ್ತದೆ. ಐಎಸ್ಒ 10261 ಮಾನದಂಡದಂತೆ ಯಂತ್ರಕ್ಕೆ 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಫಲಕದ ಸಂಖ್ಯೆಗೂ ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಗೂ ದಾಖಲೆಯ ಸಂಖ್ಯೆಗೂ ಹೊಂದಿಕೆಯಾಗಬೇಕು, ಫಲಕದ ರಿವೆಟ್‌ಗಳು ಹೊಸದಾಗಿ ಕಾಣಬಾರದು. ಒಂದೇ ಕಂಪನಿಯ ಹಲವು ಯಂತ್ರಗಳಿಗೆ ಒಂದೇ ಕೀಲಿ ಹೊಂದುವ ಪದ್ಧತಿ ಇರುವುದರಿಂದ ಇವುಗಳ ಕಳವು ಕಷ್ಟವಲ್ಲ. ಯಂತ್ರದ ಮೇಲೆ ಹಿಂದಿನವರ ಸಾಲ ಬಾಕಿಯಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ. ಹೊಗೆ ಶುದ್ಧೀಕರಣದ ಫಿಲ್ಟರ್ ಇರುವ ಮಾದರಿಯಾದರೆ ಅದನ್ನು ಕಿತ್ತುಹಾಕಿಲ್ಲವೆಂದು ನೋಡಿ. ಅದನ್ನು ಮತ್ತೆ ಕೂಡಿಸುವುದು ದುಬಾರಿ, ಕೂಡಿಸದಿದ್ದರೆ ಕೆಲವು ಕಾಮಗಾರಿಗಳಿಗೆ ಯಂತ್ರವನ್ನು ಸೇರಿಸಿಕೊಳ್ಳುವುದಿಲ್ಲ.

ನಿಮ್ಮ ಮುಂದೆ ಈ ಎರಡೇ ದಾರಿಗಳಿವೆಯೆಂದೂ ಭಾವಿಸಬೇಕಿಲ್ಲ. ಅಧಿಕೃತ ಮಾರಾಟಗಾರರು ಪರೀಕ್ಷಿಸಿ, ಕೆಲವು ತಿಂಗಳ ವಾರಂಟಿ ಕೊಟ್ಟು ಮಾರುವ ಬಳಸಿದ ಯಂತ್ರಗಳಿಗೆ ಬೆಲೆ ಹೆಚ್ಚು, ಆದರೆ ಮೊದಲ ಯಂತ್ರ ಕೊಳ್ಳುವವರಿಗೆ ಆ ಹೆಚ್ಚುವರಿ ಹಣ ವ್ಯರ್ಥವಲ್ಲ. ವಾರಂಟಿ ಎಂಜಿನ್‌ಗೆ ಮಾತ್ರವೋ ಹೈಡ್ರಾಲಿಕ್‌ಗೂ ಇದೆಯೋ ಎಂದು ಓದಿ ನೋಡಬೇಕು. ಹರಾಜಿನಲ್ಲಿ ಅಗ್ಗಕ್ಕೆ ಸಿಗುವುದು ನಿಜ. ಆದರೆ ಅಲ್ಲಿ ಯಂತ್ರವನ್ನು ಇದ್ದ ಸ್ಥಿತಿಯಲ್ಲೇ ಮಾರುತ್ತಾರೆ, ಅಗೆಸಿ ನೋಡುವ ಅವಕಾಶ ವಿರಳ, ಸುತ್ತಿಗೆ ಬಿದ್ದ ಮೇಲೆ ದೂರಿಗೆ ಜಾಗವಿಲ್ಲ. ಕಳೆದುಕೊಳ್ಳಲು ಉಳಿತಾಯದ ಹೊರತು ಬೇರೇನೂ ಇಲ್ಲದವರಿಗೆ ನಾನು ಹರಾಜನ್ನು ಸೂಚಿಸುವುದಿಲ್ಲ. ಇನ್ನೊಂದು ದಾರಿಯೆಂದರೆ, ಎರಡನೆಯ ಯಂತ್ರದ ಮಾಲೀಕರನ್ನು ಒಂದು ತಿಂಗಳು ಅದನ್ನು ಬಾಡಿಗೆಗೆ ಕೊಡುವಂತೆ, ಕೊಂಡರೆ ಬಾಡಿಗೆಯ ಒಂದು ಪಾಲನ್ನು ಬೆಲೆಯಲ್ಲಿ ಕಳೆಯುವಂತೆ ಕೇಳುವುದು. ಒಪ್ಪುವವರು ಕಡಿಮೆ, ಆದರೆ ಒಪ್ಪಿದರೆ ಅದಕ್ಕಿಂತ ಉತ್ತಮವಾದ ಪರೀಕ್ಷೆ ಇಲ್ಲ.

ಎರಡನೆಯ ಯಂತ್ರದ ಕಂಪ್ಯೂಟರ್ ದಾಖಲೆ, ಚೈನಿನ ಅಳತೆ, ಆಯಿಲ್ ವರದಿ ಮೂರೂ ಕೈಗೆ ಬಂದ ಮೇಲೆ ಚೌಕಾಸಿಗೆ ಕೂರಿ. ಚೈನು ಮುಕ್ಕಾಲು ಸವೆದಿದ್ದರೆ ಹೊಸ ಚೈನಿನ ದರಪಟ್ಟಿಯನ್ನು ಮೊದಲೇ ತರಿಸಿ ಮೇಜಿನ ಮೇಲಿಡಿ. ದೂರುಗಳ ಉದ್ದ ಪಟ್ಟಿಗಿಂತ ಒಂದು ದರಪಟ್ಟಿ ಬೆಲೆಯನ್ನು ಬೇಗ ಇಳಿಸುತ್ತದೆ. ಎಷ್ಟೇ ಒಳ್ಳೆಯ ಯಂತ್ರವಾದರೂ ಬೆಲೆಯ ಶೇಕಡಾ 15ರಿಂದ 20ರಷ್ಟು ಹಣವನ್ನು ಮೊದಲ ವರ್ಷದ ದುರಸ್ತಿಗೆಂದು ಬೇರೆಯಾಗಿ ಇಟ್ಟುಕೊಳ್ಳಿ. ಹಾಗೆ ಇಡಲು ಸಾಧ್ಯವಾಗದಷ್ಟು ಬಿಗಿಯಾಗಿ ಸಾಲ ಕೂಡಿಬಂದಿದ್ದರೆ, ಆ ಬೆಲೆಯ ಯಂತ್ರ ಸದ್ಯಕ್ಕೆ ನಿಮ್ಮ ಅಳವಿಗೆ ಮೀರಿದ್ದು. ಮೊದಲನೆಯ ಯಂತ್ರದ ಮಾಲೀಕರು ಕಂಪ್ಯೂಟರ್ ದಾಖಲೆ ಓದಿಸಲು ಒಪ್ಪಿದರೆ ಅದನ್ನೂ ಇದೇ ರೀತಿ ನೋಡಿ, 6,200 ನಿಜವೇ ಆಗಿದ್ದರೆ ಅದು ಒಳ್ಳೆಯ ವ್ಯಾಪಾರವೂ ಆದೀತು. ಒಪ್ಪದಿದ್ದರೆ ಎರಡನೇ ಸಲ ಅಲ್ಲಿಗೆ ಹೋಗುವ ಡೀಸೆಲನ್ನು ಉಳಿಸಿಕೊಳ್ಳಿ.

ಇದೆಲ್ಲಕ್ಕೂ ಮೊದಲು ಒಂದು ಲೆಕ್ಕ ಹಾಕಿ. ಕಳೆದ ಹನ್ನೆರಡು ತಿಂಗಳಲ್ಲಿ ಬಾಡಿಗೆ ಯಂತ್ರಗಳನ್ನು ಒಟ್ಟು ಎಷ್ಟು ಗಂಟೆ ಓಡಿಸಿದ್ದೀರಿ ಎಂಬುದು ನಿಮ್ಮ ಬಾಡಿಗೆ ರಸೀದಿಗಳಲ್ಲೇ ಇದೆ. ಅದು 1,000 ಗಂಟೆಯ ಆಸುಪಾಸಿನಲ್ಲಿ ಅಥವಾ ಮೇಲಿದ್ದರೆ ಸ್ವಂತ ಯಂತ್ರದ ಮಾತಿಗೆ ಅರ್ಥವಿದೆ. ನಾಲ್ಕೈದು ನೂರಕ್ಕೆ ನಿಂತಿದ್ದರೆ, ಕಂತು, ವಿಮೆ, ಸಾಗಣೆಯ ಟ್ರೈಲರ್, ಆಪರೇಟರಿನ ಸಂಬಳ, ನಿಂತ ದಿನಗಳ ನಷ್ಟ ಎಲ್ಲವನ್ನೂ ಆ ಗಂಟೆಗಳ ಮೇಲೆ ಹಂಚಿ ನೋಡಿ, ಬಂದ ಮೊತ್ತವನ್ನು ಈಗ ಕೊಡುತ್ತಿರುವ ಗಂಟೆಯ ಬಾಡಿಗೆಯ ಪಕ್ಕದಲ್ಲಿ ಬರೆದು, ಆಮೇಲೆ ಮುಂಗಡದ ಮಾತಾಡಿ.